ಮಂಗಗಳೊಟ್ಟಿಗೆ ರಾಜಿ ಪಂಚಾತಿಕೆ

ಸೋಲ್ಲಿಕ್ಕೂ ಒಂದು ಅಭ್ಯಾಸ ಬೇಕು ಮಾರಾಯ್ರೆ. ನಮ್ಮ ಕಾಸರಗೋಡಿನ ಕನ್ನಡದವರಿಗೆ ಅದು 1956ರ ನವೆಂಬರ್ 1ರಿಂದ ಪುಕ್ಕಟೆ ಸಿಗ್ತಾ ಉಂಟು. ಆವತ್ತು ಬೆಳಿಗ್ಗೆ ಎದ್ದು ನೋಡಿದ್ರೆ ನಾವು ಕೇರಳದಲ್ಲಿ. ಆಮೇಲೆ 1967ರಲ್ಲಿ ಗಡಿ ವಿವಾದದ ಮಹಾಜನ ಆಯೋಗ ಚಂದ್ರಗಿರಿ ಹೊಳೆಯಿಂದ ಬಡಗಿನದ್ದನ್ನು ಕರ್ನಾಟಕಕ್ಕೆ ಕೊಡಿ ಅಂತ ವರದಿ ಕೊಟ್ಟಿತು, ಅಜ್ಜ ಆ ಸುದ್ದಿ ಪೇಪರಲ್ಲಿ ಓದಿ ಪಾಯಸ ಮಾಡಿಸಿದರಂತೆ. ಪಾಯಸ ಆವತ್ತೇ ಮುಗೀತು, ವರದಿ ಇನ್ನೂ ಹಾಗೇ ಉಂಟು. 1984ರಲ್ಲಿ ನಮ್ಮದೇ ಜಿಲ್ಲೆ ಅಂತ ಒಂದಾಯ್ತು, ಅದೂ ಕೇರಳದ್ದೇ. ಅಜ್ಜ ಕೊನೆಕೊನೆಗೆ ಹೇಳ್ತಿದ್ದದ್ದು ಇಷ್ಟೇ, "ಬಾವಿ ಅಲ್ಲೇ ಉಂಟಲ್ಲ, ನೀರೂ ಉಂಟಲ್ಲ, ಮತ್ತೆಂತ?" ಇಂಥ ಅಜ್ಜನಿಗೆ ಹುಟ್ಟಿದ ನನ್ನ ಅಪ್ಪ ಮಾತ್ರ ಸೋಲು ಒಪ್ಪಿಕೊಳ್ಳುವ ಜನವೇ ಅಲ್ಲ, ಅದೂ ಯಾರ ಹತ್ರ ಅಂತ ಕೇಳಿದ್ರೆ ಮಂಗಗಳ ಹತ್ರ.

ನಮ್ಮದು ಬದಿಯಡ್ಕದಿಂದ ಸ್ವಲ್ಪ ಒಳಗೆ. ಅಡಿಕೆ ತೋಟ, ನಡುನಡುವೆ ತೆಂಗು, ಬದಿಯಲ್ಲಿ ಬಾಳೆ, ಅಷ್ಟು ಕೊಕ್ಕೋ, ಗುಡ್ಡದ ಬುಡದಲ್ಲಿ ನೀರಿಗೆ ಅಂತ ಅಜ್ಜ ಅಡ್ಡಕ್ಕೆ ತೋಡಿಸಿದ ಸುರಂಗ. ಮಂಗಗಳು ಇದರಲ್ಲಿ ಯಾವುದಕ್ಕೂ ಭೇದ ಮಾಡುವುದಿಲ್ಲ, ಸುರಂಗದ ನೀರು ಸಹಿತ ಕುಡಿದು ಹೋಗ್ತವೆ, ಆದ್ರೆ ಅಪ್ಪನ ಹೊಟ್ಟೆ ಉರಿಯುವುದು ತೆಂಗಿನ ಮರ ನೋಡಿದಾಗಲೇ. ಮಂಗ ಬೊಂಡ, ಅಂದ್ರೆ ಎಳನೀರು, ಕುಡಿಯುವುದನ್ನು ನೀವು ಹತ್ತಿರದಿಂದ ನೋಡಿದ್ದೀರೋ ಇಲ್ಲವೋ. ಗೊನೆಯ ಮೇಲೆ ಕೂತು ಒಂದು ಕಾಯಿ ಹಿಡಿದು ತಿರುಪಿ ತಿರುಪಿ ಕೀಳ್ತದೆ, ತೊಟ್ಟಿನ ಹತ್ರ ಮೆತ್ತಗಿರುವಲ್ಲಿಗೆ ಹಲ್ಲು ಹಾಕಿ ಸಿಪ್ಪೆ ಉಗುಳಿ ಉಗುಳಿ ತೂತು ಮಾಡ್ತದೆ, ಎರಡೂ ಕೈಯಲ್ಲಿ ಎತ್ತಿ ಕುಡೀತದೆ, ಅರ್ಧ ಕುಡಿದದ್ದೇ ಬೇಡ ಆಗ್ತದೆ. ಬಿಸಾಡುವ ಮೊದಲು ಕೆಳಗೆ ಯಾರಾದ್ರೂ ಇದ್ದಾರಾ ಅಂತ ಒಮ್ಮೆ ಬಗ್ಗಿ ನೋಡ್ತದೆ. ಇದ್ದಾರೆ ಅಂತ ಖಾತ್ರಿ ಆದ ಮೇಲೆ ಬಿಸಾಡ್ತದೆ.

ಅಪ್ಪ ಮೊದಲು ಮಾಡಿದ ಯುದ್ಧ ನಾಯಿಯ ಲೆಕ್ಕದಲ್ಲಿ. 2019ರಲ್ಲಿ ತೀರ್ಥಹಳ್ಳಿ ಕಡೆಯ ಒಬ್ಬ ಕೃಷಿಕರು ನಾಯಿಗೆ ಹುಲಿಯ ಹಾಗೆ ಪಟ್ಟೆ ಬಳಿದು ಮಂಗ ಓಡಿಸಿದ್ದು ಪೇಪರಲ್ಲಿ ಫೋಟೋ ಸಮೇತ ಬಂದಿತ್ತು, ಅಪ್ಪ ಅದನ್ನು ಕತ್ತರಿಸಿ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಟ್ಟಿದ್ದರು. ನಮ್ಮ ನಾಯಿ ಬಣ್ಣದಲ್ಲಿ ಕಂದು, ಸ್ವಭಾವದಲ್ಲಿ ನಾಚಿಕೆ. ನನ್ನ ಹೇರ್ ಡೈ ಪ್ಯಾಕೆಟು ಒಂದು ದಿನ ಕಾಣೆಯಾಯ್ತು, ಸಾಯಂಕಾಲ ನೋಡಿದ್ರೆ ನಾಯಿಯ ಬೆನ್ನ ಮೇಲೆ ಇತ್ತು. ಪಟ್ಟೆ ಎಳೀತಾ ಎಳೀತಾ ನಾಯಿ ಮೈ ಕೊಡವಿದ್ದರಿಂದ ಹುಲಿ ಆಗ್ಬೇಕಾದ್ದು ಎಂತದೋ ಆಗಿ, ಅಪ್ಪನ ಪಂಚೆಗೂ ಅರ್ಧ ಹುಲಿ ತಾಗಿತ್ತು. ಮಂಗಗಳು ಮಾರನೇ ದಿನ ಯಾವತ್ತಿಗಿಂತ ಜಾಸ್ತಿ ಬಂದವು, ಮರಿಗಳನ್ನೂ ಹೊಟ್ಟೆಗೆ ಕಟ್ಟಿಕೊಂಡು ಬಂದವು, ಮರದಲ್ಲಿ ಸಾಲಾಗಿ ಕೂತು ನೋಡಿದವು. ನಾಯಿ ಡೈ ಪೂರ್ತಿ ಹೋಗುವಷ್ಟು ದಿನ ಮಂಚದ ಅಡಿಯಿಂದ ಹೊರಗೆ ಬರ್ಲಿಲ್ಲ. ನಾನು ಬಿಳಿ ತಲೆಯಲ್ಲೇ ಒಂದು ಮದುವೆಗೆ ಹೋಗಿ ಬಂದೆ, ಯಾರೂ ಎಂತ ಕೇಳ್ಲಿಲ್ಲ, ಆಮೇಲೆ ಡೈ ತರುವುದನ್ನೇ ಬಿಟ್ಟೆ, ಅದೊಂದು ಖರ್ಚು ಉಳೀತು.

ನಂತರ ಪಿವಿಸಿ ಪೈಪಿನ ಕೋವಿ. ಪೈಪಿಗೆ ಕಾರ್ಬೈಡ್ ತುಂಡು ಹಾಕಿ ನೀರು ಬಿಟ್ಟು ಗ್ಯಾಸ್ ಲೈಟರ್ ಒತ್ತಿದ್ರೆ ಢಂ ಅಂತದೆ. ಮೊದಮೊದಲು ಮಂಗ ಓಡಿದ್ದು ಹೌದು. ಆದ್ರೆ ಕೊಟ್ಟಿಗೆಯಲ್ಲಿ ಕಾಸರಗೋಡು ಗಿಡ್ಡ ದನ ಉಂಟಲ್ಲ, ಅದು ಕೊಡುವುದೇ ಚೂರು ಹಾಲು, ಶಬ್ದಕ್ಕೆ ಹೆದರಿ ಅದನ್ನೂ ಏರಿಸಿಕೊಂಡಿತು. ಅಮ್ಮ ಕರಿ ಚಾ ತಂದು ಅಪ್ಪನ ಎದುರು ಇಟ್ಟು, "ನಿಮ್ಮ ಕೋವಿಯ ಲೆಕ್ಕದಲ್ಲಿ" ಅಂತ ಹೇಳಿ ಹೋದರು. ನಿಜವಾದ ಕೋವಿ ಹಿಡಿಯುವ ಹಾಗೂ ಇಲ್ಲ, 1972ರ ವನ್ಯಜೀವಿ ಕಾಯ್ದೆ ಉಂಟು. ಕಾಡುಹಂದಿಗಾದ್ರೆ ಕೇರಳದಲ್ಲಿ 2022ರಿಂದ ಪಂಚಾಯತ್ ಅಧ್ಯಕ್ಷರೇ ಅನುಮತಿ ಕೊಡಬಹುದು, ಮಂಗನಿಗೆ ಆ ದಾರಿಯೂ ಇಲ್ಲ. ಇರಬಾರದು ಅಂತಲೇ ನನ್ನ ಅಭಿಪ್ರಾಯ, ಅಪ್ಪನ ಎದುರು ಹೇಳುವುದಿಲ್ಲ ಅಷ್ಟೇ.

ಅಪ್ಪ ಸೋತದ್ದು ಮಾತ್ರ ಇದ್ಯಾವುದರಲ್ಲೂ ಅಲ್ಲ, ತಾಳಮದ್ದಳೆಯಲ್ಲಿ.

ಅಪ್ಪ ಊರಿನ ಹವ್ಯಾಸಿ ಯಕ್ಷಗಾನ ಸಂಘದಲ್ಲಿ ಅರ್ಥ ಹೇಳುವವರು. ವೇಷ ಇಲ್ಲ ಕುಣಿತ ಇಲ್ಲ, ಭಾಗವತರು ಪದ್ಯ ಹೇಳಿದ ಮೇಲೆ ಕೂತಲ್ಲೇ ಮಾತಾಡುವುದು. ವಾಲಿವಧೆಯಲ್ಲಿ ರಾಮ ಮರೆಯಿಂದ ಬಿಟ್ಟ ಬಾಣ ತಾಗಿ ವಾಲಿ ಬೀಳ್ತಾನೆ, ಬೇರೆ ಊರಲ್ಲಾದ್ರೆ ಕತೆ ಅಲ್ಲಿಗೆ ಮುಗೀತದೆ, ನಮ್ಮಲ್ಲಿ ಜನ ಎಲೆಯಡಿಕೆ ಹಾಕಿಕೊಂಡು ನೆಟ್ಟಗೆ ಕೂರುವುದೇ ಅವನು ಬಿದ್ದ ಮೇಲೆ. ನಮ್ಮ ಕಡೆಯವರೇ ಆದ ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿ, ರಾವಣ, ಮಾಗಧ ಅಂತ ಸೋಲುವ ಪಾತ್ರಗಳಲ್ಲೇ ಹೆಸರು ಮಾಡಿದವರು, ಸೋತವನ ಬಾಯಲ್ಲಿ ಅಷ್ಟು ಚಂದದ ಮಾತು ಬಂದ್ರೆ ಗೆದ್ದವನಿಗೆ ಉಳಿಯುವುದೆಂತ? ಅಪ್ಪನಿಗೂ ವಾಲಿಯೇ ಇಷ್ಟ. ಒಂದು ಮಧ್ಯಾಹ್ನ ಊಟ ಆಗಿ ತೋಟಕ್ಕೆ ಇಳಿದಿದ್ದಾರೆ, ಅರ್ಧ ಕುಡಿದ ಬೊಂಡ ಸುಂಯ್ಯಂತ ಬಂದು ಕಾಲ ಹತ್ರ ಬಿತ್ತು. ಮೇಲೆ ನೋಡಿದ್ರೆ ಮಂಗ ಮಡಲಿನ ಹಿಂದೆ ಅಡಗಿ ಕಣ್ಣು ಮಾತ್ರ ಹೊರಗೆ ಹಾಕಿದೆ. ಅಪ್ಪ ಶಾಲು ಹೆಗಲಿಗೆ ಹಾಕಿಕೊಂಡು ಶುರು ಮಾಡಿದರು.

"ಎಲವೋ, ಮರೆಯಲ್ಲಿ ನಿಂತು ಹೊಡೆದೆಯಲ್ಲ, ಇದು ಯಾವ ಧರ್ಮ? ನಾನು ನಿನಗೆ ಗೈದ ಅಪರಾಧವಾದರೂ ಏನು? ಈ ಮರಕ್ಕೆ ಗೊಬ್ಬರ ಹಾಕಿದವ ನಾನು, ಬೇಸಿಗೆಯಲ್ಲಿ ನೀರೆರೆದವ ನಾನು..."

ಮಾತು ಒಳ್ಳೇ ಏರಿತ್ತು, ನಾನು ಮೊಬೈಲಲ್ಲಿ ರೆಕಾರ್ಡ್ ಮಾಡುವಾ ಅಂತ ಕಿಸೆಗೆ ಕೈ ಹಾಕಿದೆ. ಅಷ್ಟರಲ್ಲಿ ಬಚ್ಚಲಿನ ಹತ್ರ ಪಾತ್ರೆ ತೊಳೀತಿದ್ದ ಅಮ್ಮ ತಲೆ ಎತ್ತದೇ ಕೇಳಿದರು, "ಅಲ್ಲ, ವಾಲಿ ಅಂದ್ರೆ ಮಂಗ ಅಲ್ವಾ? ಅದರ ಪಾತ್ರ ನೀವ್ಯಾಕೆ ಮಾಡುದು?"

ಅಪ್ಪನಿಗೆ ಮುಂದಿನ ಅರ್ಥ ಬರ್ಲಿಲ್ಲ. ಮಂಗನ ಕಡೆಯಿಂದ ಉತ್ತರ ಬಂತು, ಅದು ದ್ರವರೂಪದಲ್ಲಿ ಇದ್ದದ್ದರಿಂದ ಅಪ್ಪ ಶಾಲು ಸಮೇತ ಬಚ್ಚಲಿಗೆ ಹೋಗ್ಬೇಕಾಯ್ತು.

ಅಡಿಕೆಯದ್ದು ಬೇರೆಯೇ ಕತೆ, ಅದರಲ್ಲಿ ಎದುರಾಳಿ ಆಕಾಶ. ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡ್ಬೇಕು, ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು, ಲೆಕ್ಕ ಎಲ್ಲ ಸರಿ, ಆದ್ರೆ ಮದ್ದು ಬಿಡುವವನಿಗೆ ಬಿಸಿಲು ಬೇಕು, ಬಿಸಿಲು ಬರುವುದು ಅವನು ಬೇರೆಯವರ ತೋಟದಲ್ಲಿರುವ ದಿವಸ. ಅವನ ಹಂಗೇ ಬೇಡ ಅಂತ ಕಾರ್ಬನ್ ಫೈಬರ್ ದೋಟಿ ತಂದೆವು, ನೆಲದಲ್ಲೇ ನಿಂತು ಮರದ ತಲೆಗೆ ಮದ್ದು ಬಿಡಬಹುದು. ಬಿಡಬಹುದು ಹೌದು. ಮೇಲೆ ನೋಡಿ ನೋಡಿ ನನ್ನ ಕುತ್ತಿಗೆ ಅಲ್ಲೇ ನಿಂತುಬಿಟ್ಟಿತು, ಆ ವಾರ ಮನೆಗೆ ಬಂದ ನೆಂಟರೊಟ್ಟಿಗೆಲ್ಲ ನಾನು ಹಂಚು ನೋಡಿಕೊಂಡೇ ಮಾತಾಡಿದ್ದು, ಗರ್ವ ಬಂದಿದೆ ಅಂತ ಒಬ್ಬರು ಹೇಳಿಕೊಂಡು ಹೋದರಂತೆ. ಈಗ ದೋಟಿ ಜಗಲಿಯ ಮಾಡಿನ ಅಡಿಯಲ್ಲಿ ಉದ್ದಕ್ಕೆ ಉಂಟು, ಅಮ್ಮ ಬಟ್ಟೆ ಒಣಗಿಸ್ತಾರೆ, ಇಷ್ಟು ನೆಟ್ಟಗಿನ ಬಟ್ಟೆ ಕೋಲು ಸುತ್ತಮುತ್ತ ಯಾರ ಮನೆಯಲ್ಲೂ ಇಲ್ಲ.

ತೆಂಗಿನ ಲೆಕ್ಕವನ್ನೂ ಕೊನೆಗೆ ಅಮ್ಮನೇ ಮಾಡಿದ್ದು. 2025ರಲ್ಲಿ ಕೇರಳದಲ್ಲಿ ತೆಂಗಿನೆಣ್ಣೆ ಲೀಟರಿಗೆ 400 ರೂಪಾಯಿ ದಾಟಿತಲ್ಲ, ಅದೇ ಸಮಯದಲ್ಲಿ ಮಂಗಗಳು ಹಟಕ್ಕೆ ಬಿದ್ದ ಹಾಗೆ ಕುಡಿದವು, ಅವಕ್ಕೂ ಮಾರ್ಕೆಟ್ ರೇಟ್ ಗೊತ್ತಾಗ್ತದೆ ಅಂತ ನನ್ನ ಡೌಟು. ಅಪ್ಪ ಹೋದ ಕಾಯಿಯನ್ನು ರೂಪಾಯಿಗೆ ಗುಣಿಸಿ ಗುಣಿಸಿ ಬಿಪಿ ಏರಿಸಿಕೊಳ್ತಿದ್ದರು. ಅಮ್ಮ ಹೇಳಿದರು, "ಹೋದದ್ದನ್ನು ಎಣಿಸ್ಬೇಡಿ, ಉಳಿದದ್ದನ್ನು ಎಣಿಸಿ. ಸಾಂಬಾರಿಗೆ ದಿನಕ್ಕೆ ಒಂದು, ನೆಂಟರು ಬಂದ್ರೆ ಎರಡು, ಎಣ್ಣೆಗೆ ಅಷ್ಟು. ಉಂಟಲ್ಲ." ಎಣಿಸಿದ್ರೆ ನಿಜವಾಗಿ ಇತ್ತು. ಮಾರ್ಲಿಕ್ಕೆ ಇರ್ಲಿಲ್ಲ, ತಿನ್ನಲಿಕ್ಕೆ ಇತ್ತು.

ಇನ್ನು ಆಚೆಮನೆ ಭಾವ. ಅವರು ಗರ್ನಾಲು ಪಟಾಕಿ ಹೊಡೆದ್ರೆ ಮಂಗ ನಮ್ಮಲ್ಲಿಗೆ, ನಾವು ಹೊಡೆದ್ರೆ ಅವರಲ್ಲಿಗೆ. ಎರಡೂ ಮನೆಯ ಗರ್ನಾಲಿನ ದುಡ್ಡು ಸೇರಿಸಿದ್ರೆ ಒಂದು ಲೋಡು ಕಾಯಿ ಕೊಳ್ಳಬಹುದಿತ್ತು, ಮಂಗಗಳಿಗೆ ವ್ಯಾಯಾಮ ಆಗಿ ಹಸಿವು ಹೆಚ್ಚಾದದ್ದೇ ಲಾಭ. ಅಂತೂ ಒಂದು ಸಾಯಂಕಾಲ ನಮ್ಮ ಜಗಲಿಯಲ್ಲಿ ಬೆಲ್ಲ ನೀರು ಕುಡಿದು ರಾಜಿ ಆಯ್ತು. ಇನ್ನು ಯಾರೂ ಹೊಡೆಯುವ ಹಾಗಿಲ್ಲ, ಬಂದವು ತಿನ್ನಲಿ, ತಿಂದು ಮುಂದೆ ಹೋಗಲಿ. ಭಾವ ಹೋಗುವಾಗ ಉಳಿದ ಗರ್ನಾಲನ್ನು ದೀಪಾವಳಿಗೆ ಇಡ್ತೇನೆ ಅಂದರು, ಅಪ್ಪನಿಗೆ ಆ ಮಾತಿನ ಮೇಲೆ ಪೂರ್ತಿ ನಂಬಿಕೆ ಬರ್ಲಿಲ್ಲ.

ಮುಂದೆ ಹೋಗಲಿ ಅಂದದ್ದು ಮಂಗಗಳಿಗೆ ಕೇಳಿಸಿತೋ ಎಂತದೋ. ಗುಡ್ಡದ ಆಚೆ ತೆಂಕಿನ ಕಡೆಯಿಂದ ಬಂದ ಒಬ್ಬರು ಮಾಷ್ ಜಾಗ ತಗೊಂಡು ಮರಗೆಣಸು ಹಾಕಿದ್ದಾರೆ. ಅವರ ಫೋನ್ ಬಂತು, ಅಪ್ಪ ಸ್ಪೀಕರ್ ಹಾಕಿಯೇ ಮಾತಾಡುವುದು. ನಿಮ್ಮ ಮಂಗಗಳೆಲ್ಲ ಇಲ್ಲಿ ಬಂದು ಗೆಣಸು ಕೀಳ್ತಾ ಉಂಟು, ಎಂತಾದ್ರೂ ಮಾಡಿ, ಅಂತ ಮಲಯಾಳದಲ್ಲಿ ಗೋಳಾಡಿದರು. ಅಪ್ಪ ಗಂಟಲು ಸರಿ ಮಾಡಿಕೊಂಡು, ತನಗೆ ಬರುವಷ್ಟು ಮಲಯಾಳದಲ್ಲಿ, ವಾಲಿಯನ್ನೂ ಬಿಟ್ಟು ನೇರ ರಾಮನ ಸ್ವರಕ್ಕೇ ಇಳಿದರು. "ಅವು ನಮ್ಮದಲ್ಲ ಮಾಷೇ, ಸರಕಾರದ್ದು. ನೀವು ಗರ್ನಾಲು ಮಾತ್ರ ಹೊಡೀಬೇಡಿ. ಪಾಪ, ಮೂಕ ಪ್ರಾಣಿ, ತಿನ್ನಲಿ. ದೇವರು ಕೊಟ್ಟದ್ದರಲ್ಲಿ ನಾಲ್ಕು ಗೆಣಸು ನಮಗೆ ಉಳಿದ್ರೂ ಸಾಕಲ್ವಾ, ಅಷ್ಟರಲ್ಲೇ ತೃಪ್ತಿ ಪಡ್ಬೇಕು." ಮಾಷ್ ಆ ಕಡೆಯಿಂದ ಹೂಂ ಹೂಂ ಅಂತ ಕೇಳಿದರು, ಅವರಿಗೂ ಸ್ವಲ್ಪ ಸಮಾಧಾನ ಆದ ಹಾಗೆ ಕಂಡಿತು.

ಫೋನ್ ಇಟ್ಟದ್ದೇ ಅಪ್ಪ ನನ್ನ ಕಡೆ ತಿರುಗಿ ದನಿ ತಗ್ಗಿಸಿ ಹೇಳಿದರು, "ಕಾಯಿ ಕೀಳುವವನಿಗೆ ಬೇಗ ಹೇಳಿ ಕಳಿಸು. ಅಲ್ಲಿ ಗೆಣಸು ಮುಗಿಯುವ ಮೊದಲು ಒಂದು ಕೊಯ್ಲು ಮುಗಿಸುವಾ."