ಎಂಟು ಇಂಚಿನ ಹಟ ಏಕೆ?

ಬೆಂಚ್ ಗ್ರೈಂಡರ್, ಅಂದರೆ ಮೇಜಿಗೆ ಬಿಗಿಯುವ ಸಾಣೆ ಯಂತ್ರದ ಬಗೆಗಿನ ಲೇಖನವೊಂದನ್ನು ಓದಿದೆ. 'ಬೆಂಚ್ ಗ್ರೈಂಡರ್ ಕೊಳ್ಳುವುದಾದರೆ ಎಂಟು ಇಂಚಿನ ಚಕ್ರದ್ದನ್ನೇ ಕೊಳ್ಳಿ' ಎಂಬ ಅದರ ಲೇಖಕರ ಸಲಹೆಯನ್ನು ಮುಂಬೈನ ಸಾಕಿನಾಕಾದ ಇಕ್ಕಟ್ಟಾದ ಗಾಲಾಗಳಲ್ಲಿ (ಸಣ್ಣ ವರ್ಕ್‌ಶಾಪ್ ಕೋಣೆಗಳಲ್ಲಿ) ದುಡಿಯುವ ನಮ್ಮಂಥವರು ಒಪ್ಪುವುದು ಕಷ್ಟ. ಡ್ರಿಲ್ ಬಿಟ್, ಉಳಿ, ಲೇತ್ ಟೂಲ್ ಹರಿತ ಮಾಡಲು ಆರು ಇಂಚು ಧಾರಾಳವಾಯಿತು. ಎರಡೂ ಸಾಮಾನ್ಯವಾಗಿ ನಿಮಿಷಕ್ಕೆ 2,850 ಸುತ್ತಿನ ಆಸುಪಾಸಿನಲ್ಲೇ ತಿರುಗುತ್ತವೆ. ಹಾಗಾಗಿ ಚಿಕ್ಕ ಚಕ್ರದ ಅಂಚಿನ ವೇಗ ಸೆಕೆಂಡಿಗೆ ಸುಮಾರು 22 ಮೀಟರ್ ಇದ್ದರೆ ದೊಡ್ಡದರದು 30 ಮುಟ್ಟುತ್ತದೆ. ಕೈ ಪಳಗದವರು ಕಾರ್ಬನ್ ಸ್ಟೀಲಿನ ಉಳಿಯನ್ನು ಅದಕ್ಕೊತ್ತಿದರೆ ಕ್ಷಣದಲ್ಲಿ ತುದಿ ನೀಲಿಯಾಗಿ ಗಡಸುತನ ಹೋಗುತ್ತದೆ.

ಮುಂಬೈನ ಉಪಕರಣಗಳ ಪೇಟೆಯಾದ ನಾಗದೇವಿ ಸ್ಟ್ರೀಟಿನಲ್ಲಿ ಬಣ್ಣ ನೋಡಿ ಯಂತ್ರ ಆರಿಸುವವರಿದ್ದಾರೆ. ನಾನು ನೋಡುವುದು ಟೂಲ್ ರೆಸ್ಟನ್ನು, ಅಂದರೆ ಹರಿತ ಮಾಡುವಾಗ ಉಪಕರಣವನ್ನು ಊರಿಕೊಳ್ಳುವ ಚಕ್ರದ ಮುಂದಿನ ಆಸರೆಯನ್ನು. ತೆಳು ತಗಡಿನದಾದರೆ ಬೇಡವೇ ಬೇಡ. ಚಕ್ರಕ್ಕೂ ರೆಸ್ಟಿಗೂ ನಡುವೆ 3 ಮಿ.ಮೀ.ಗಿಂತ ಹೆಚ್ಚು ಸಂದು ಇರಕೂಡದು, ಇದ್ದರೆ ಕೆಲಸದ ತುಂಡು ಒಳಗೆ ಸಿಕ್ಕಿಕೊಂಡು ಚಕ್ರವೇ ಸಿಡಿಯಬಹುದು. ಚಕ್ರ ಸವೆದಂತೆಲ್ಲ ಯಂತ್ರ ನಿಲ್ಲಿಸಿ ರೆಸ್ಟನ್ನು ಮುಂದಕ್ಕೆ ತರುತ್ತಿರಬೇಕು. ಇಷ್ಟು ಮುಖ್ಯ ವಿಷಯವನ್ನು ಲೇಖನ ಒಂದೇ ಸಾಲಿನಲ್ಲಿ ದಾಟಿಬಿಟ್ಟಿದೆ!

ಹೊಸ ಚಕ್ರವನ್ನು ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ ನೋಡಿ. ಸ್ಪಷ್ಟವಾದ ನಾದ ಬರದೆ ಸತ್ತ ಸದ್ದು ಬಂದರೆ ಅಂಗಡಿಗೇ ವಾಪಸ್. ಎಡಗಡೆಯ ನಟ್ ಉಲ್ಟಾ ಥ್ರೆಡ್ಡಿನದು, ಬಲ ಪ್ರಯೋಗಿಸುವ ಮುನ್ನ ನೆನಪಿರಲಿ. ಇನ್ನು ಅಲ್ಯೂಮಿನಿಯಂ ತುಂಡು ಹಿಡಿದು ಬರುವ ನೆರೆಯವರಿಗೆ ನಾನು ಅರವನ್ನು ಕೊಟ್ಟು ಕಳಿಸುತ್ತೇನೆ. ಬೂದು ಚಕ್ರದ ರಂಧ್ರಗಳಲ್ಲಿ ಅದು ಮೆತ್ತಿಕೊಂಡರೆ ಅದನ್ನು ಕೆರೆದು ತೆಗೆಯಲು ಡ್ರೆಸ್ಸರ್ (ಚಕ್ರದ ಮುಖ ಹಸನುಗೊಳಿಸುವ ಸಾಧನ) ಹಿಡಿದು ಕೂರಬೇಕಾದವನು ನಾನೇ.