ಮುಂದೆ ಇದ್ದಾಗ ಆಡೋದು ಹೇಗೆ ಅಂತ ಇವರಿಗೆ ಯಾರಾದ್ರೂ ಹೇಳಿಕೊಡಿ

2025ರ ಸೀಸನ್ನಿನ ಮೊದಲ ಪಂದ್ಯವನ್ನೇ ನಮ್ಮ ಫೂಟಿ ತಂಡ ಕಾರ್ಲ್ಟನ್ ನಿನ್ನೆ ಸೋತಿತು. ಅದಕ್ಕೆ ಇನ್ನೊಬ್ಬರು ಯಾರಾದರೂ "ಇಂಜುರಿ" ಅಂದರೆ ಅನ್‌ಫ್ರೆಂಡ್ ಮಾಡುತ್ತೇನೆ. ಈಗಲೇ ಹೇಳಿಬಿಟ್ಟಿದ್ದೇನೆ, ಆಮೇಲೆ ಬೇಜಾರು ಮಾಡಿಕೊಳ್ಳಬೇಡಿ.

ಬೆಳಗ್ಗೆಯಿಂದ ನಮ್ಮ ಕಾರ್ಲ್ಟನ್ ವಾಟ್ಸಾಪ್ ಗ್ರೂಪಿನಲ್ಲಿ ಇದೊಂದೇ ಭಜನೆ. ಚಾರ್ಲಿ ಕರ್ನೋ ಇರಲಿಲ್ಲ, ಮಂಡಿ. ಜ್ಯಾಗಾ ಸ್ಮಿತ್ ಸೀಸನ್ ಶುರುವಾಗುವ ಮೊದಲೇ ಮಂಡಿಯೊಳಗಿನ ಎಸಿಎಲ್ ಕಟ್ಟು ಹರಿದುಕೊಂಡ. ನಿಕ್ ನ್ಯೂಮನ್ ಕೂಡ ಮಂಡಿ ಕೆಡಿಸಿಕೊಂಡು ಮನೆಯಲ್ಲಿದ್ದಾನೆ. ಹೌದು, ಮೂರೂ ನಿಜ, ಪಾಪ ಅನ್ನಿಸುತ್ತೆ. ಆದರೆ ಸ್ವಾಮಿ, ಈ ಮೂವರೂ ಇಲ್ಲದೆಯೇ ತಾನೇ ನಿನ್ನೆ ರಾತ್ರಿ ಎರಡನೇ ಕ್ವಾರ್ಟರಿನಲ್ಲಿ 41 ಪಾಯಿಂಟ್ ಮುಂದೆ ಹೋಗಿದ್ದು? ಕರ್ನೋ ಅಲ್ಲಿಯವರೆಗೆ ಗ್ರೌಂಡಿನಲ್ಲಿದ್ದು, ಆಮೇಲೆ ಟ್ರೈನ್ ತಪ್ಪಿಹೋಗುತ್ತೆ ಅಂತ ಎದ್ದು ಹೋದನಾ? ಇಲ್ವಲ್ಲ. ಇಲ್ಲದವರು ಮೊದಲಿಂದಲೂ ಇರಲಿಲ್ಲ. ಇದ್ದವರೇ ಏರಿಸಿದರು, ಇದ್ದವರೇ ಇಳಿಸಿದರು.

ಊರಿನ ಗೆಳೆಯರಿಗೆ ಮೊದಲೇ ಹೇಳಿಬಿಡುತ್ತೇನೆ, "ಇದ್ಯಾವ ಆಟ ಮಾರಾಯ" ಅಂತ ಕಾಮೆಂಟ್ ಹಾಕಬೇಡಿ. ಫೂಟಿ, ಅಂದರೆ ಆಸ್ಟ್ರೇಲಿಯನ್ ಫುಟ್‌ಬಾಲ್. ಕ್ರಿಕೆಟ್ ಮೈದಾನದಲ್ಲೇ, ಮೊಟ್ಟೆಯಾಕಾರದ ಬಾಲ್ ಇಟ್ಟುಕೊಂಡು, ಒಂದೊಂದು ಕಡೆ 18 ಜನ ಆಡುವ ಆಟ. ನಡುವಿನ ಎರಡು ಕಂಬದೊಳಗೆ ಒದ್ದರೆ ಗೋಲು, 6 ಪಾಯಿಂಟ್. ಪಕ್ಕದ ಕಂಬದ ಸಂದಿಯಲ್ಲಿ ಹೋದರೆ ಬಿಹೈಂಡ್, 1 ಪಾಯಿಂಟ್. ಅಂದರೆ 41 ಪಾಯಿಂಟ್ ಅಂದರೆ ಹತ್ತಿರ ಹತ್ತಿರ ಏಳು ಗೋಲು. ಅಷ್ಟು ಮುಂದೆ ಇದ್ದು ಸೋಲುವುದಕ್ಕೆ ನಿಜಕ್ಕೂ ಕಷ್ಟಪಡಬೇಕು. ನಮ್ಮವರು ಪಟ್ಟರು. ರಿಚ್ಮಂಡ್ 82, ಕಾರ್ಲ್ಟನ್ 69.

ಸೋತಿದ್ದು ಯಾರ ಕೈಯಲ್ಲಿ? ಕಳೆದ ವರ್ಷ 23 ಪಂದ್ಯದಲ್ಲಿ ಎರಡೇ ಎರಡು ಗೆದ್ದು ಟೇಬಲ್ಲಿನ ಕೊನೆಯಲ್ಲಿ ಕೂತಿದ್ದ ರಿಚ್ಮಂಡ್ ಕೈಯಲ್ಲಿ. ಇಂಜುರಿ ಅನ್ನುವವರು ಸ್ವಲ್ಪ ಅವರ ಕಡೆಯೂ ನೋಡಿ. ಡಸ್ಟಿನ್ ಮಾರ್ಟಿನ್ ರಿಟೈರ್ ಆದ. ಡ್ಯಾನ್ ರಿಯೋಲಿ, ಶೈ ಬೋಲ್ಟನ್, ಲಿಯಾಂ ಬೇಕರ್, ಜ್ಯಾಕ್ ಗ್ರಹಾಂ, ನಾಲ್ವರೂ ಒಟ್ಟಿಗೆ ಬೇರೆ ಕ್ಲಬ್ಬಿಗೆ ಹೋದರು. 2017, 2019, 2020ರಲ್ಲಿ ಕಪ್ ಎತ್ತಿದ ತಂಡ ಈಗ ಉಳಿದೇ ಇಲ್ಲ ಅನ್ನಬಹುದು. ಕ್ಲಬ್ಬುಗಳು ಹೊಸ ಹುಡುಗರನ್ನು ಆರಿಸಿಕೊಳ್ಳುವ ಡ್ರಾಫ್ಟಿನಲ್ಲಿ ಮೊದಲನೆಯವನಾಗಿ ಬಂದ ಸ್ಯಾಮ್ ಲೇಲರ್‌ಗೆ ನಿನ್ನೆ ಮೊಟ್ಟಮೊದಲ ಪಂದ್ಯ. ಹದಿನೆಂಟರ ಹುಡುಗ. ನಮ್ಮ ಕಡೆ ಕ್ಯಾಪ್ಟನ್ ಪ್ಯಾಟ್ರಿಕ್ ಕ್ರಿಪ್ಸ್, ಲೀಗಿನ ಅತ್ಯುತ್ತಮ ಆಟಗಾರನಿಗೆ ಅಂಪೈರುಗಳ ವೋಟಿನಿಂದ ಸಿಗುವ ಬ್ರೌನ್‌ಲೋ ಪದಕ ಎರಡು ಸಲ, ಕಳೆದ ವರ್ಷ 45 ವೋಟು ತಗೊಂಡು ದಾಖಲೆ ಮಾಡಿದವನು. ಇವರ ಕೈಯಲ್ಲಿದ್ದ ಪಂದ್ಯವನ್ನು ಆ ಹುಡುಗರು ಕಿತ್ತುಕೊಂಡು ಹೋದರು.

ಇನ್ನೂ ಒಂದು ಲೆಕ್ಕ ನೋಡಿ, ಇದು ನನ್ನ ಹೊಟ್ಟೆ ಉರಿಸಿದ್ದು. ನಮ್ಮದು 10 ಗೋಲು, 9 ಬಿಹೈಂಡ್. ಅವರದು 13 ಗೋಲು, 4 ಬಿಹೈಂಡ್. ಅಂದರೆ ನಾವು ಸ್ಕೋರ್ ಮಾಡಿದ್ದು 19 ಸಲ, ಅವರು 17 ಸಲ. ಜಾಸ್ತಿ ಸಲ ಸ್ಕೋರ್ ಮಾಡಿ 13 ಪಾಯಿಂಟಿಂದ ಸೋತಿದ್ದೇವೆ.

ಎಂಸಿಜಿಯಲ್ಲಿ ನನ್ನ ಪಕ್ಕದ ಸೀಟಿನಲ್ಲಿ ಒಬ್ಬರು ವಯಸ್ಸಾದವರು ಕೂತಿದ್ದರು, 1995ರಲ್ಲಿ ಕಾರ್ಲ್ಟನ್ ಕಪ್ ಗೆದ್ದಿದ್ದನ್ನು ಕಣ್ಣಾರೆ ನೋಡಿದವರು. ಲೀಡು 41ಕ್ಕೆ ಹೋದಾಗ ಸುತ್ತಮುತ್ತ ಎಲ್ಲರೂ ಕುಣಿಯುತ್ತಿದ್ದರೆ ಅವರೊಬ್ಬರು ಮಾತ್ರ ಮುಖ ಗಂಟು ಹಾಕಿಕೊಂಡಿದ್ದರು. "ಇಷ್ಟು ಬೇಗ ಬೇಡವಾಗಿತ್ತು" ಅಂದರು. ತಮಾಷೆ ಅಂದುಕೊಂಡು ನಕ್ಕೆ. ಅವರು ನಗಲಿಲ್ಲ.

ಯಾಕೆ ಅಂತ ಟ್ರೈನಿನಲ್ಲಿ ಹೊಳೆಯಿತು. ಈ ತಂಡಕ್ಕೆ ಅಟ್ಟಿಸಿಕೊಂಡು ಹೋಗುವುದು ಗೊತ್ತು, ಮುಂದೆ ಓಡುವುದು ಗೊತ್ತಿಲ್ಲ. ನಿನ್ನೆಯ ಒಂದು ಪಂದ್ಯ ನೋಡಿ ಹೇಳುತ್ತಿಲ್ಲ. 2022 ನೆನಪಿದೆಯಾ? ಮೈಕಲ್ ವಾಸ್ ಕೋಚ್ ಆಗಿ ಬಂದ ಮೊದಲ ವರ್ಷ. ಕೊನೆಯ ಎರಡು ವಾರದಲ್ಲಿ ಒಂದೇ ಒಂದು ಗೆದ್ದಿದ್ದರೆ ಫೈನಲ್ಸ್, ಅಂದರೆ ಟೇಬಲ್ಲಿನ ಮೇಲಿನ ತಂಡಗಳು ಕಪ್ಪಿಗಾಗಿ ಆಡುವ ಕೊನೆಯ ಸುತ್ತುಗಳು. ಮೆಲ್ಬರ್ನ್ ತಂಡದ ಎದುರು ಮುಂದಿದ್ದೆವು, ಇನ್ನೇನು ಕೆಲವೇ ಸೆಕೆಂಡ್ ಇರುವಾಗ ಗೋಲು ಬಿಟ್ಟುಕೊಟ್ಟು 5 ಪಾಯಿಂಟಿಂದ ಸೋತೆವು. ಮುಂದಿನ ವಾರ ಕಾಲಿಂಗ್‌ವುಡ್. ಮೂರು ಕ್ವಾರ್ಟರ್ ಮುಗಿದಾಗ 24 ಪಾಯಿಂಟ್ ಮುಂದೆ. ಸೋತಿದ್ದು 1 ಪಾಯಿಂಟಿಂದ. ಒಂದು! ಟೇಬಲ್ಲಿನಲ್ಲಿ ಸರಿಸಮ ಪಾಯಿಂಟ್ ಇದ್ದರೂ ಪರ್ಸೆಂಟೇಜ್ ಲೆಕ್ಕದಲ್ಲಿ (ಹೊಡೆದ ಸ್ಕೋರಿಗೂ ಬಿಟ್ಟುಕೊಟ್ಟ ಸ್ಕೋರಿಗೂ ಇರುವ ಅನುಪಾತ) ಹೊರಗೆ ಬಿದ್ದೆವು. ಆ ರಾತ್ರಿ ನಾನು ಊಟ ಮಾಡಲಿಲ್ಲ, ಮನೆಯಲ್ಲಿ ಇವತ್ತಿಗೂ ಅದನ್ನು ಎತ್ತಿ ಆಡಿಕೊಳ್ಳುತ್ತಾರೆ.

2023ರ ಪ್ರಿಲಿಮಿನರಿ ಫೈನಲ್ಲು, ಗ್ರ್ಯಾಂಡ್ ಫೈನಲ್ಲಿಗೆ ಒಂದೇ ಮೆಟ್ಟಿಲು. ಬ್ರಿಸ್ಬೇನಿನ ಗಾಬಾದಲ್ಲಿ ಮೊದಲ ಐದು ಗೋಲೂ ನಮ್ಮದೇ. ಐದೂ! ಆಮೇಲೆ ಏನಾಯಿತು ಅಂತ ಹೇಳಬೇಕಾ? 16 ಪಾಯಿಂಟಿಂದ ಸೋಲು. ಕಳೆದ ವರ್ಷ ಅರ್ಧ ಸೀಸನ್ ದಾಟಿದ ಮೇಲೆ ಟೇಬಲ್ಲಿನಲ್ಲಿ ಎರಡನೇ ಸ್ಥಾನದಲ್ಲಿದ್ದೆವು. ಅಲ್ಲಿಂದ ಜಾರಿ ಜಾರಿ, ಕೊನೆಯ ವಾರ ಸೇಂಟ್ ಕಿಲ್ಡಾ ಎದುರು ಕೊನೆಯ ಸೆಕೆಂಡುಗಳಲ್ಲಿ 2 ಪಾಯಿಂಟಿಂದ ಸೋತು, ಬೇರೆಯವರ ಸೋಲಿನ ಪುಣ್ಯದಿಂದ ಎಂಟನೆಯವರಾಗಿ ಫೈನಲ್ಸ್ ಒಳಗೆ ನುಸುಳಿದೆವು. ಅಲ್ಲಿ ಬ್ರಿಸ್ಬೇನ್ ನಮ್ಮ ಮೇಲೆ 60 ಪಾಯಿಂಟ್ ಹಾಕುವವರೆಗೂ ನಮ್ಮದು ಸೊನ್ನೆ.

ಈಗ ಇದರ ಇನ್ನೊಂದು ಮುಖ ನೋಡಿ. ಅದೇ 2024ರ ಮಾರ್ಚಿನಲ್ಲಿ, ಸೀಸನ್ನಿನ ಮೊದಲ ಪಂದ್ಯದಲ್ಲಿ, ಅದೇ ಗಾಬಾದಲ್ಲಿ 46 ಪಾಯಿಂಟ್ ಹಿಂದೆ ಬಿದ್ದು 1 ಪಾಯಿಂಟಿಂದ ಗೆದ್ದವರು ಯಾರು? ಇದೇ ನಮ್ಮವರು. ಆಗ ನಾನು ಸೋಫಾ ಮೇಲೆ ಹತ್ತಿ ಕುಣಿದಿದ್ದೆ, ವೀಡಿಯೋ ನೀವೆಲ್ಲ ನೋಡಿದ್ದೀರಿ. ಹೋದ ವರ್ಷ 46 ಹಿಂದಿಂದ ಗೆಲುವು, ಈ ವರ್ಷ 41 ಮುಂದಿಂದ ಸೋಲು. ಗ್ರೂಪಿನಲ್ಲಿ ಎರಡನೇ ಭಜನೆ "ಫಿಟ್‌ನೆಸ್ ಸಾಲದು, ಕೊನೆಯಲ್ಲಿ ಓಡೋಕೆ ಆಗಲ್ಲ" ಅಂತ. ಹಾಗಿದ್ದರೆ ಮಾರ್ಚಿನ ಬ್ರಿಸ್ಬೇನ್ ಸೆಖೆಯಲ್ಲಿ ಕೊನೆಯವರೆಗೂ ಓಡಿ ಗೆದ್ದಿದ್ದು ಯಾವ ಕಾಲಲ್ಲಿ? ಕಾಲು ಸರಿ ಇದೆ. ತಲೆಯದ್ದು ತೊಂದರೆ.

ನಿನ್ನೆಯೂ ಕಣ್ಣಿಗೆ ಕಾಣುತ್ತಿತ್ತು. ಮೊದಲ ಅರ್ಧ ಗಂಟೆ ಬಾಲ್ ಸಿಕ್ಕ ತಕ್ಷಣ ಮುಂದಕ್ಕೆ, ನೇರವಾಗಿ, ಧೈರ್ಯವಾಗಿ. ಲೀಡು ಸಿಕ್ಕಿತು ನೋಡಿ, ತಿಜೋರಿ ಕಾಯುವವರ ಹಾಗೆ ಆಗಿಬಿಟ್ಟರು. ಬಾಲ್ ಹಿಡಿಯುವುದು, ನಿಲ್ಲುವುದು, ಆ ಕಡೆ ನೋಡುವುದು, ಈ ಕಡೆ ನೋಡುವುದು, ಪಕ್ಕದವನಿಗೆ ಒದೆಯುವುದು, ಅವನು ಇನ್ನೊಬ್ಬನಿಗೆ. ಕೊನೆಗೆ ದಾರಿ ಕಾಣದೆ ಗುಂಪಿನ ಮೇಲೆ ಎತ್ತರಕ್ಕೊಂದು ಒದೆ. ಅಲ್ಲಿ ರಿಚ್ಮಂಡ್ ಹುಡುಗರು ಮುಷ್ಟಿಯಿಂದ ಹೊಡೆದು ಕೆಳಗೆ ಹಾಕಿ, ಹೆಕ್ಕಿಕೊಂಡು, ಒಂದೇ ಓಟ. ನಮ್ಮವರು ಅವರ ಬೆನ್ನು ನೋಡಿಕೊಂಡು ನಿಂತಿದ್ದರು. ಕ್ರಿಪ್ಸ್ ಒಬ್ಬನೇ ಎಷ್ಟು ಅಂತ ಗುಂಪಿನೊಳಗೆ ನುಗ್ಗುತ್ತಾನೆ? ಅವನನ್ನು ಬಯ್ಯುವವರು ನನ್ನ ವಾಲ್‌ಗೆ ಬರಲೇಬೇಡಿ.

"ಮೊದಲ ಪಂದ್ಯ ಅಲ್ವಾ, ಇನ್ನೂ 22 ಇವೆ" ಅನ್ನುತ್ತಾರೆ ನಮ್ಮ ಗ್ರೂಪಿನ ಹಿರಿಯರೊಬ್ಬರು. ಮಂಡ್ಯದ ಕಡೆಯವರು, ನನಗೆ ಈ ಆಟದ ಹುಚ್ಚು ಹಿಡಿಸಿದವರೇ ಅವರು, ಹಾಗಾಗಿ ಮರ್ಯಾದೆ ಕೊಟ್ಟೇ ಹೇಳುತ್ತೇನೆ. ಅಣ್ಣಾ, ನೀವು 2023ರ ಕಥೆ ತೆಗೆಯುತ್ತೀರಿ ಅಂತ ನನಗೆ ಗೊತ್ತು. ಅರ್ಧ ಸೀಸನ್ ಹೊತ್ತಿಗೆ ಹದಿನೈದನೇ ಸ್ಥಾನ, ವಾಸ್ ತಲೆ ಹೋಗೇಹೋಯಿತು ಅಂತ ಪೇಪರಿನವರೆಲ್ಲ ಬರೆದಾಗಿತ್ತು, ಅಲ್ಲಿಂದ ಸತತ ಒಂಬತ್ತು ಗೆಲುವು, ಫೈನಲ್ಸಿನಲ್ಲಿ ಸಿಡ್ನಿಯನ್ನು 6 ಪಾಯಿಂಟಿಂದ, ಮೆಲ್ಬರ್ನ್ ತಂಡವನ್ನು 2 ಪಾಯಿಂಟಿಂದ ಹೊಡೆದಿದ್ದು. ಒಪ್ಪಿದೆ. ಚಿನ್ನದಂಥ ದಿನಗಳು. ಆದರೆ ಅದೂ ಅಟ್ಟಿಸಿಕೊಂಡು ಹೋದ ಕಥೆಯೇ ಅಲ್ವಾ? ಯಾರೂ ಏನೂ ನಿರೀಕ್ಷೆ ಇಟ್ಟಿರದಿದ್ದಾಗ ಇವರು ಹುಲಿ. ಈ ವರ್ಷ ನಿರೀಕ್ಷೆ ಇದೆ ಅಂದ ತಕ್ಷಣ ಎದುರಿಗೆ ನಿಜವಾದ ಹುಲಿ ಬಂತು (ರಿಚ್ಮಂಡಿನ ಅಡ್ಡಹೆಸರೇ ಟೈಗರ್ಸ್), ಇವರು ಇಲಿ. ನೀವು ನನ್ನ ಮಾತಿಗೆ ಉತ್ತರ ಕೊಟ್ಟ ಹಾಗಾಗಲಿಲ್ಲ ಅಣ್ಣಾ, ನನ್ನ ಪರವಾಗಿ ಸಾಕ್ಷಿ ಹೇಳಿದಿರಿ.

ಇನ್ನು ಬೆಂಗಳೂರಿನ ಗೆಳೆಯರದ್ದು ಬೇರೆಯೇ ಹಾಡು. "ನೀನು ಅಲ್ಲೂ ಒಂದು ಆರ್‌ಸಿಬಿ ಹುಡುಕಿಕೊಂಡೆಯಲ್ಲೋ!" ಸಾಕು ನಿಲ್ಲಿಸಿ. ಹೋದ ವರ್ಷ ಕಪ್ ತಂದ ಹೆಣ್ಣುಮಕ್ಕಳ ತಂಡವನ್ನು ಬಿಟ್ಟು ಹೇಳುವುದಾದರೆ, ಈ 2025ರ ಮಾರ್ಚ್‌ವರೆಗೆ ಆರ್‌ಸಿಬಿ ಗೆದ್ದೇ ಇರಲಿಲ್ಲ. ಕಾರ್ಲ್ಟನ್ ಹಾಗಲ್ಲ. ಇದು 16 ಕಪ್ ಗೆದ್ದ ಮನೆ. ಕಾಲಿಂಗ್‌ವುಡ್, ಎಸೆಂಡನ್ ಜೊತೆ ಸಮವಾಗಿ ನಿಂತಿರುವ ಲೆಕ್ಕ ಅದು, ಇವರಿಗಿಂತ ಜಾಸ್ತಿ ಯಾರೂ ಗೆದ್ದಿಲ್ಲ. ಹದಿನಾರರಲ್ಲಿ ಕೊನೆಯದು 1995. ಆರ್‌ಸಿಬಿಯದ್ದು ಅಲ್ಲಿಯವರೆಗೆ ಮದುವೆಯೇ ಆಗಿರಲಿಲ್ಲ ಅನ್ನುವ ಸಂಕಟ. ನಮ್ಮದು ದೊಡ್ಡ ಮನೆಯ ಆಸ್ತಿ ಕರಗಿದ ಸಂಕಟ. ಎರಡನ್ನೂ ಒಟ್ಟಿಗೆ ಹೊತ್ತುಕೊಂಡಿರುವ ನನ್ನ ಗತಿ ನೋಡಿ!

ಯಾರಿಗೂ ಹೇಳದ ವಿಷಯ ಒಂದು ಹೇಳುತ್ತೇನೆ. ನಮ್ಮ ತಂಡ ಮುಂದೆ ಇದ್ದಾಗ ನನಗೆ ಹೊಟ್ಟೆಯಲ್ಲಿ ಏನೋ ಕಲಸುತ್ತದೆ. ಹಿಂದೆ ಇದ್ದಾಗ ಆರಾಮಾಗಿ ಚಿಪ್ಸ್ ತಿನ್ನುತ್ತೇನೆ. ಮುಂದೆ ಇದ್ದರೆ ತಿಂದದ್ದು ಇಳಿಯುವುದಿಲ್ಲ. ಆಫೀಸಿನಲ್ಲೂ ನಾನು ಹೀಗೆಯೇ. ಕೆಲಸ ಹೋಗುತ್ತೆ ಅನ್ನುವ ಪರಿಸ್ಥಿತಿಯಲ್ಲಿ ಚೆನ್ನಾಗಿ ಕೆಲಸ ಮಾಡಿದ್ದೇನೆ, ಪ್ರಮೋಷನ್ ಕೊಟ್ಟ ಮೇಲೆ ರಾತ್ರಿ ನಿದ್ದೆ ಬಂದಿಲ್ಲ. ಇರಲಿ ಬಿಡಿ, ಅದಕ್ಕೆ ಇನ್ನೊಂದು ಪೋಸ್ಟ್ ಬೇಕು. ಆದರೆ ನನಗೆ ಸಂಬಳ ಕೊಡುವುದು ಫೂಟಿ ಆಡುವುದಕ್ಕಲ್ಲ. ಇವರಿಗೆ ಅದಕ್ಕೇ ಕೊಡುತ್ತಾರೆ.

ಇಷ್ಟೆಲ್ಲ ಬಯ್ದ ಮೇಲೂ ಒಂದು ಮಾತು ಒಪ್ಪಿಕೊಳ್ಳಲೇಬೇಕು, ಆ ರಿಚ್ಮಂಡ್ ಹುಡುಗರ ಆಟ ನೋಡೋಕೆ ಸೊಗಸಾಗಿತ್ತು. ಈ ವರ್ಷವೂ ಇವರೇ ಕಡೆ ಅಂತ ಎಲ್ಲ ಪಂಡಿತರೂ ಬರೆದಿದ್ದರು. ಆ ಮಕ್ಕಳು ಅದನ್ನು ಓದಿರಲಿಲ್ಲ ಅಂತ ಕಾಣುತ್ತದೆ. 41 ಹಿಂದೆ ಬಿದ್ದಾಗಲೂ ಮುಖದಲ್ಲಿ ಹೆದರಿಕೆ ಇಲ್ಲ. ಕೋಚ್ ಆಡೆಮ್ ಯೇಜ್‌ಗೆ ಇದು ಎರಡನೇ ವರ್ಷ, ಅಷ್ಟೆ. ಮ್ಯಾಚ್ ಮುಗಿದ ಮೇಲೆ ಅವರ ಕ್ಲಬ್ ಹಾಡಿನಲ್ಲಿ ಹಳದಿ-ಕಪ್ಪು ಅಂತ ಬರುವ ಕಡೆ ಇಡೀ ಎಂಸಿಜಿ ಕಿರುಚುತ್ತಲ್ಲ, 80,000 ಜನ ಸೇರಿದ್ದ ರಾತ್ರಿ ಆ ಸದ್ದು ಹೇಗಿರುತ್ತೆ ಅಂತ ಊಹಿಸಿಕೊಳ್ಳಿ. ನಾನು ಊಹಿಸಬೇಕಾಗಿರಲಿಲ್ಲ, ನನ್ನ ಹಿಂದಿನ ಸಾಲಿನಲ್ಲೇ ಹತ್ತು ಜನ ಇದ್ದರು. ಈ ಮಾರ್ಚ್ ಗುರುವಾರದ ಪಂದ್ಯದಲ್ಲಿ 2022ರಲ್ಲಿ ನಾವು ಗೆದ್ದೆವು, 2023ರಲ್ಲಿ 58-58 ಡ್ರಾ, 2024ರಲ್ಲಿ 5 ಪಾಯಿಂಟಿಂದ ಮತ್ತೆ ನಾವೇ. ಮೂರು ವರ್ಷದ ಬಾಕಿ ಬಡ್ಡಿ ಸಮೇತ ವಸೂಲು ಮಾಡಿಕೊಂಡು ಹೋದರು. ಇವತ್ತು ಊರಲ್ಲೆಲ್ಲ ಹೋಳಿಯಂತೆ, ಫೋಟೋ ಬರುತ್ತಿವೆ. ನನ್ನ ಮುಖಕ್ಕೆ ನಿನ್ನೆ ರಾತ್ರಿಯೇ ಹಳದಿ-ಕಪ್ಪು ಬಳಿದಾಗಿದೆ, ಹೊಸ ಬಣ್ಣ ಬೇಡ.

ವಾಸ್ ಬಗ್ಗೆ ಗ್ರೂಪಿನಲ್ಲಿ ಆಗಲೇ "ತೆಗೀರಿ" ಅಂತ ಶುರುವಾಗಿದೆ. ಒಂದು ಪಂದ್ಯಕ್ಕೇ ಕೋಚ್ ತೆಗೆಯೋಕೆ ಇದೇನು ಬಾಡಿಗೆ ಮನೆಯಾ. ಬ್ರಿಸ್ಬೇನ್ ಕ್ಯಾಪ್ಟನ್ ಆಗಿ 2001, 2002, 2003, ಮೂರು ವರ್ಷ ಸತತ ಕಪ್ ಎತ್ತಿದ ಮನುಷ್ಯ ಅವರು. ಮುಂದೆ ಇದ್ದಾಗ ಹೇಗೆ ಆಡಬೇಕು ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು? ನನಗೆ ಸಿಟ್ಟು ಬರುವುದು ಅದಕ್ಕೇ. ಗೊತ್ತಿಲ್ಲದವರಾಗಿದ್ದರೆ ಬಿಟ್ಟುಬಿಡಬಹುದಿತ್ತು. ನಾಲ್ಕನೇ ಸೀಸನ್ ನಡೀತಿದೆ, ಗೊತ್ತಿರುವುದನ್ನು ಹುಡುಗರಿಗೆ ದಾಟಿಸೋಕೆ ಇನ್ನೂ ಎಷ್ಟು ವರ್ಷ ಬೇಕು?

ಮುಂದಿನ ಗುರುವಾರ ಹಾಥಾರ್ನ್, ಮತ್ತೆ ಎಂಸಿಜಿಯಲ್ಲೇ. ಅವರು ಆಗಲೇ ಸಿಡ್ನಿಗೆ ಹೋಗಿ ಒಂದು ಗೆದ್ದು ಬಂದಿದ್ದಾರೆ. ನಾನು ಹೋಗುತ್ತಿದ್ದೇನೆ, ಮೆಂಬರ್‌ಶಿಪ್ ದುಡ್ಡು ಕಟ್ಟಿಯಾಗಿದೆ, ಬಿಡೋಕಾಗುತ್ತಾ. ಕಾರಿನಲ್ಲಿ ಎರಡು ಸೀಟು ಖಾಲಿ ಇವೆ. ಪಾಯಿಂಟ್ ಕುಕ್ ಕಡೆಯವರು ಮೆಸೇಜ್ ಮಾಡಿ, ಐದೂವರೆಗೆ ಹೊರಡೋದು. ಇಂಜುರಿ ಅನ್ನೋರು ಟ್ರೈನಲ್ಲಿ ಬನ್ನಿ.