ಕ್ಯಾನ್ಸರ್ ಬಂದವರಿಗೆ ಕ್ಯಾನ್ಸರ್ ಅಂತಲೇ ಹೇಳಿ

ಮೊನ್ನೆ ಮುಂಬೈ ಪಕ್ಕದ ಠಾಣೆ ಊರಿನಿಂದ ಪರಿಚಯದವರ ಮಗ ಫೋನ್ ಮಾಡಿದ್ದ. ಅವನ ಅಪ್ಪನಿಗೆ ಶ್ವಾಸಕೋಶದ ಕ್ಯಾನ್ಸರ್ ಅಂತ ರಿಪೋರ್ಟ್ ಬಂದಿದೆ. "ಆಂಟಿ, ಒಂದ್ಸಲ ಬಂದು ಅಪ್ಪನಿಗೆ ಧೈರ್ಯ ಹೇಳಿ. ಕ್ಯಾನ್ಸರ್ ಅನ್ನೋ ಮಾತು ಮಾತ್ರ ಎತ್ತಬೇಡಿ. ನ್ಯುಮೋನಿಯಾ ಅಂತ ಹೇಳಿದ್ದೇವೆ" ಅಂದ.

ಹಾಗಾದರೆ ನಾನು ಬರಲ್ಲಪ್ಪಾ ಅಂದೆ. ಅವನಿಗೆ ಬೇಜಾರಾಯಿತು. ಯಾಕೆ ಹಾಗಂದೆ ಅಂತ ಹೇಳಬೇಕು ಅನಿಸಿ ಬರೆಯುತ್ತಿದ್ದೇನೆ.

ನನಗೂ ಶ್ವಾಸಕೋಶದ ಕ್ಯಾನ್ಸರ್ ಇದೆ, ಗೊತ್ತಾಗಿ ಎರಡು ವರ್ಷವಾಯಿತು. ಮೊದಲು ಬಂದದ್ದು ಬಿಡದ ಕೆಮ್ಮು. ಎಕ್ಸ್‌ರೇಯಲ್ಲಿ ಎದೆಯ ಬಲಗಡೆ ನೀರು ತುಂಬಿರುವುದು ಕಂಡಿತು. ಡೊಂಬಿವಲಿಯ ಒಂದು ದವಾಖಾನೆಯಲ್ಲಿ ಟಿಬಿ ಮಾತ್ರೆ ಶುರು ಮಾಡಿದರು. ಟಿಬಿ ಅಂದುಕೊಂಡದ್ದು ತಪ್ಪಲ್ಲ, ನಮ್ಮೂರಲ್ಲಿ ಅದು ಅಷ್ಟು ಜಾಸ್ತಿ ಇದೆ. ಆದರೆ ಆ ನೀರನ್ನು ಸೂಜಿಯಿಂದ ತೆಗೆದು ಪರೀಕ್ಷೆಗೆ ಕಳಿಸಲೇ ಇಲ್ಲ. ಮೂರು ತಿಂಗಳು ಆ ಮಾತ್ರೆಯಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ಹೋಯಿತು, ಕೆಮ್ಮು ಹೋಗಲಿಲ್ಲ. ಆಮೇಲೆ ಬೇರೆ ಡಾಕ್ಟರು ನೀರು ತೆಗೆಸಿದರು. ಅದರಲ್ಲಿ ಕ್ಯಾನ್ಸರ್ ಕಣ ಇತ್ತು. ನೀರಿನಲ್ಲೇ ಕಣ ಸಿಕ್ಕರೆ ಅದು ನಾಲ್ಕನೇ ಹಂತ. ನಾನು ಸಿಗರೇಟು ಮುಟ್ಟಿದವಳಲ್ಲ, ನಮ್ಮ ಮನೆಯಲ್ಲೂ ಯಾರೂ ಸೇದುವುದಿಲ್ಲ.

ರಿಪೋರ್ಟ್ ನೋಡಿದ್ದು ನಮ್ಮ ಯಜಮಾನರು ಮತ್ತು ನನ್ನ ತಮ್ಮ. ನನಗೆ "ಸೋಂಕು ಸ್ವಲ್ಪ ಜೋರಾಗಿದೆ" ಅಂದರು. ಮಾರನೇ ದಿನ ಪರೇಲ್‌ಗೆ ಹೊರಡಿಸಿದರು. ಮುಂಬೈಯಲ್ಲಿ ಮೂವತ್ತು ವರ್ಷ ಬಾಳಿದವಳಿಗೆ ಟಾಟಾ ಆಸ್ಪತ್ರೆ ಅಂದರೆ ಏನು ಅಂತ ಗೊತ್ತಿರಲ್ವಾ? ಕ್ಯಾನ್ಸರ್‌ಗೇ ಹೆಸರಾದ ಆಸ್ಪತ್ರೆ ಅದು, 1941ರಿಂದ ಪರೇಲ್‌ನಲ್ಲೇ ಇದೆ. ಲೋಕಲ್ ರೈಲಿನಲ್ಲಿ ನನ್ನನ್ನು ಹತ್ತಿಸಿದ್ದು ದಿವ್ಯಾಂಗರ ಡಬ್ಬಾಕ್ಕೆ. ಕ್ಯಾನ್ಸರ್ ರೋಗಿಗಳಿಗೂ ಅದೇ ಡಬ್ಬಾ, ಹಾಗಂತ ಅದರ ಮೇಲೆ ದೊಡ್ಡದಾಗಿ ಬರೆದಿರುತ್ತದೆ. ನಾನು ಓದಿದೆ. ನಾನು ಓದಿದ್ದನ್ನು ಯಜಮಾನರು ನೋಡಿದರು. ಪರೇಲ್ ಬರುವ ತನಕ ಇಬ್ಬರೂ ಮಾತಾಡಲಿಲ್ಲ.

ಆ ವಾರ ರಾತ್ರಿ ಅವರು ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದರು. ನಾನು ಒಳಗೆ ಗೋಡೆ ಕಡೆ ತಿರುಗಿ ಮಲಗಿ ಅಳುತ್ತಿದ್ದೆ. ಕಾಯಿಲೆಗಿಂತ ಆ ಒಂಟಿತನ ನನ್ನನ್ನು ಹಿಂಡಿತು. ಕೊನೆಗೆ ಆಸ್ಪತ್ರೆಯಲ್ಲಿ ಡಾಕ್ಟರು, "ನಿಮಗೇನಾಗಿದೆ ಗೊತ್ತಾ?" ಅಂತ ಕೇಳಿದಾಗ ನಾನೇ "ಕ್ಯಾನ್ಸರ್" ಅಂದೆ. ಹಿಂದೆ ನಿಂತಿದ್ದ ಇವರು ನನ್ನ ಹೆಗಲ ಮೇಲೆ ಕೈ ಇಟ್ಟರು.

ಕ್ಯಾನ್ಸರ್ ಕಣದ ಜೀನ್ ಪರೀಕ್ಷೆಯಲ್ಲಿ ಇಜಿಎಫ್‌ಆರ್ ಅನ್ನೋ ಜೀನ್‌ನಲ್ಲಿ ಬದಲಾವಣೆ ಸಿಕ್ಕಿತು. ಅದಕ್ಕೆ ಓಸಿಮರ್ಟಿನಿಬ್ ಅನ್ನೋ ಮಾತ್ರೆ, 80 ಮಿಲಿಗ್ರಾಂ, ದಿನಕ್ಕೊಂದು. ನೋಡಿದರೆ ಬಿಪಿ ಮಾತ್ರೆಯಷ್ಟೇ ಇದೆ. ಆದರೆ ಈ ಮಾತ್ರೆಯಿಂದಲೇ ಕೆಲವರಿಗೆ ಶ್ವಾಸಕೋಶದಲ್ಲಿ ಊತ ಬರುತ್ತದೆ. ಹೊಸದಾಗಿ ಉಸಿರು ಕಟ್ಟಿದರೆ ಅವತ್ತೇ ಡಾಕ್ಟರಿಗೆ ಹೇಳಬೇಕು. ಟಿಬಿಗೆ ಕೊಡುವ ರಿಫಾಂಪಿಸಿನ್ ಇದರ ಬಲ ಕಡಿಮೆ ಮಾಡುತ್ತದೆ. ತಲೆನೋವು ಬಿಡದೆ ಕಾಡಿದರೂ ಸುಮ್ನೆ ಕೂರುವ ಹಾಗಿಲ್ಲ, ಕ್ಯಾನ್ಸರ್ ಮೆದುಳಿಗೆ ಹೋಗಿರಬಹುದು. ಇದನ್ನೆಲ್ಲ ಗಮನಿಸಬೇಕಾದವಳು ನಾನು, ಉಸಿರು ನನ್ನದು. ನನ್ನ ಕಾಯಿಲೆ ನ್ಯುಮೋನಿಯಾ ಅಂತ ನಂಬಿದ್ದರೆ "ಬಿಸಿಲಿಗೆ ಸುಸ್ತು" ಅಂದುಕೊಂಡು ಮಲಗಿಬಿಡುತ್ತಿದ್ದೆ. ಯಾರೋ ತಂದುಕೊಟ್ಟ ಕಷಾಯವನ್ನೂ ಕೇಳದೆ ಕುಡಿಯುತ್ತಿದ್ದೆ.

ಉಗುರಿನ ಅಂಚು ಒಡೆದು ರಕ್ತ ಬರುತ್ತದೆ, ಹೊಟ್ಟೆ ಕೆಡುತ್ತದೆ. ಒಂದಲ್ಲ ಒಂದು ದಿನ ಈ ಮಾತ್ರೆ ಕೆಲಸ ನಿಲ್ಲಿಸುತ್ತದೆ ಅಂತಲೂ ಗೊತ್ತು. ಮೂರು ತಿಂಗಳಿಗೊಮ್ಮೆ ಸ್ಕ್ಯಾನ್, ಅದರ ಹಿಂದಿನ ರಾತ್ರಿ ನಿದ್ದೆ ಇಲ್ಲ. ಇವರೂ ಎದ್ದು ಕೂರುತ್ತಾರೆ. ಚಹಾ ಮಾಡುತ್ತಾರೆ. ಬ್ಯಾಂಕಿನ ಕಾಗದ, ಮಗಳ ಮದುವೆ, ನಾನು ಇಲ್ಲದಿದ್ದರೆ ಏನು, ಎಲ್ಲವನ್ನೂ ಮಾತಾಡುತ್ತೇವೆ. ಆ ಮಾತು ಆಡಲಿಕ್ಕೆ ಠಾಣೆಯ ಆ ಹಿರಿಯರಿಗೂ ಹಕ್ಕಿದೆ. ಮಗ ಪ್ರೀತಿಯಿಂದಲೇ ಮುಚ್ಚಿಟ್ಟಿದ್ದಾನೆ, ನನಗೆ ಗೊತ್ತು. ನಮ್ಮವರೂ ಹಾಗೇ ಮಾಡಿದ್ದು.

ಎಲ್ಲವನ್ನೂ ಒಂದೇ ಸಲ ಸುರಿಯಿರಿ ಅನ್ನುತ್ತಿಲ್ಲ. ಎಷ್ಟು ತಿಳಿಯಬೇಕು ಅಂತ ಅವರನ್ನೇ ಕೇಳಿ. ಕೆಲವರು ಹೆಸರು ಸಾಕು, ಹಂತ ಬೇಡ ಅನ್ನಬಹುದು. ಅದೂ ಅವರೇ ಹೇಳಲಿ.

ಆ ಹುಡುಗನಿಗೆ ಒಂದು ಮಾತು ಹೇಳಿ ಫೋನ್ ಇಟ್ಟೆ. "ನೀನು ಹೇಳು, ನಿನಗೆ ಆಗದಿದ್ದರೆ ಡಾಕ್ಟರ ಹತ್ತಿರ ಹೇಳಿಸು. ಅವತ್ತೇ ಸಂಜೆ ನಾನು ಬರುತ್ತೇನೆ, ಎಷ್ಟು ಹೊತ್ತಾದರೂ ಕೂರುತ್ತೇನೆ." ಇನ್ನೂ ಅವನ ಫೋನ್ ಬಂದಿಲ್ಲ.